ಬೆರಳುದ್ದದ ಹಿತ್ತಾಳೆ

ತರಕಾರಿ ಚಾಕುವಿನಿಂದ ಮಗಳು ಪಾರ್ಸೆಲ್ಲಿನ ಹೊಟ್ಟೆ ಬಗೆಯುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅಪ್ಪ ಕೋಟು ತೊಟ್ಟು ಮಲಗಿದ್ದ, ಹುಟ್ಟಿದಾಗಿನಿಂದ ಮೊದಲ ಸಲ ಯಾರ ಮೇಲೂ ರೇಗದೆ. ಹೊರಡಲು ಇನ್ನೊಂದೇ ಗಂಟೆ.

"ಬಂತಾ ಕೊನೆಗೂ?" ಡೋಲು ಬಾರಿಸುವ ಚಿಕ್ಕಪ್ಪ ಬಗ್ಗಿ ನೋಡಿದ. "ಮೂವತ್ತು ವರ್ಷ ಸತಾಯಿಸಿ, ಸತ್ತ ಮಾರನೇ ದಿನ ಬಂದಿದೆ. ಅಣ್ಣನಿಗೆ ತಕ್ಕ ವಾದ್ಯ!"

ಪುಟ್ಟ ತುತ್ತೂರಿಯಂಥ ಹಳೆಯ ಕಾರ್ನೆಟ್ ಬಂದಿತ್ತು. ಅದಕ್ಕಾಗಿ ಮುದುಕ ಭೂಮಂಡಲವನ್ನೇ ಜರಡಿ ಹಿಡಿದಿದ್ದ. ಅವನು ಕಾಲಿಟ್ಟರೆ ಗುಜರಿ ಅಂಗಡಿಯ ತುಕ್ಕು ಹೆದರಿ ತಾನೇ ಉದುರುತ್ತಿತ್ತು. ಹಳೆಯ ಬ್ಯಾಂಡ್ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ, ಆ ಕಾಲದ ಏರುಶ್ರುತಿಯಲ್ಲೇ ಊದಬೇಕೆಂಬುದು ಅವನ ಹಟ. ಆರು ಸಿಕ್ಕಿದ್ದವು. ಏಳನೆಯದಿದ್ದರೆ ಶೋಕದ ಮಾರ್ಚ್ ಪೂರ್ತಿ.

"ನನ್ನನ್ನ ಹೊರುವಾಗ ಅದೇ ಇರಲಿ. ಸುಳ್ಳು ಶ್ರುತಿಯಲ್ಲಿ ಊದಿದ್ರೆ ಎದ್ದು ಬಂದು ಒದೀತೀನಿ" ಎಂದಿದ್ದ. ಮಗಳು ಮಾತು ಕೊಟ್ಟಿದ್ದಳು.

*

ಆಗ ಅಪ್ಪನಿಗೆ ಇಪ್ಪತ್ತೆರಡು, ವಾದ್ಯ ರಿಪೇರಿ ಕೆಲಸ. ಎಲ್ಲೆಡೆ ಹೊಸ ಇಳಿಶ್ರುತಿ ಬಂದಿತ್ತು; ನಮ್ಮದನ್ನೂ ಇಳಿಸಿಕೊಡಿ ಎಂದು ಬ್ಯಾಂಡಿನವರೆಲ್ಲ ಹಳೆಯ ವಾದ್ಯಗಳನ್ನು ಬೆಟ್ಟದಷ್ಟು ತಂದು ಸುರಿದಿದ್ದರು. ಕೊಳವೆ ಉದ್ದವಾದರೆ ಶ್ರುತಿ ಇಳಿಯುತ್ತದೆ: ಕತ್ತರಿಸು, ನಡುವೆ ಬೆರಳುದ್ದದ ಹಿತ್ತಾಳೆ ಬೆಸೆ, ಉಜ್ಜು. ದಿನಕ್ಕೆ ನೂರು ಮುಗಿಸುತ್ತಿದ್ದನಂತೆ; ಹತ್ತು ಎಂದಿಟ್ಟುಕೊಳ್ಳಿ. ಪ್ರತಿ ಬೆಸುಗೆಯ ಪಕ್ಕ, ತನ್ನ ಗುರುತಿಗೆ, ಅರದಿಂದ ಮೂರು ಗೀರು.

"ನನ್ನ ಬೆಸುಗೆ ದೇವರ ಕಣ್ಣಿಗೂ ಬೀಳಲ್ಲ ಕಣಯ್ಯಾ!" ಎಂದು ಬಂದವರೆದುರು ಮೆರೆಯುತ್ತಿದ್ದ.

*

ಅಪ್ಪನ ಬ್ಯಾಂಡಿನಲ್ಲಿ ಕಾರ್ನೆಟ್ ನುಡಿಸುವ ಮಾಸ್ತರರು ಒಮ್ಮೆ ಊದಿದರು. ಹಳೆಯ ವಾದ್ಯ ಹಿಡಿದು ನಿಂತಿದ್ದ ಉಳಿದ ಆರು ಮಂದಿಯ ಮುಖ ಹುಣಿಸೆ ಕಚ್ಚಿದಂತಾಯಿತು.

"ಇದರ ಶ್ರುತಿ ಇಳಿದುಬಿಟ್ಟಿದೆಯಲ್ರೀ," ಎಂದರು ಮಾಸ್ತರರು.

ಮಗಳು ಕೊಳವೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಮೂರು ಗೀರು.

ಗೀರುಗಳ ಮೇಲೆ ಹೆಬ್ಬೆರಳು ಆಡಿಸುತ್ತಾ ಕೇಳಿದಳು: "ಆ ತುಂಡು ಕಿತ್ತು ಮತ್ತೆ ಬೆಸೆಯೋಕಾಗಲ್ವಾ?"

"ಆಗುತ್ತೆ. ಆದ್ರೆ ಅದನ್ನ ಮಾಡೋ ಕೈ ಒಂದೇ ಇದ್ದದ್ದು." ಚಿಕ್ಕಪ್ಪ ಪಕ್ಕದ ಕೋಣೆಯತ್ತ ಗದ್ದ ಎತ್ತಿದ. "ವ್ಯಾನಲ್ಲಿ ಹೊಸ ವಾದ್ಯಗಳಿವೆ. ಎಲ್ಲಾ ಅದರಲ್ಲೇ ಊದಿದ್ರೆ ಯಾರಿಗೆ ಗೊತ್ತಾಗುತ್ತೆ, ಪುಟ್ಟಿ?"

"ಬೇಡ. ಹಳೇ ಆರೇ ಇರಲಿ. ಇದರ ಪಾಲು ಖಾಲಿ ಬಿಡಿ."

"ರಾಗ ಇರೋದೇ ಕಾರ್ನೆಟ್ಟಲ್ಲಿ ಕಣಮ್ಮಾ," ಮಾಸ್ತರರ ದನಿ ಸಣ್ಣಗಾಯಿತು. "ಉಳಿದದ್ದು ಬರೀ ಜೊತೆಗಿರೋದು."

"ಗೊತ್ತು."

ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಆರು ವಾದ್ಯಗಳು ಆಗೊಮ್ಮೆ ಈಗೊಮ್ಮೆ ಗುಂಯ್‌ಗುಡುತ್ತಾ ಹೆಣದ ಹಿಂದೆ ಹೆಜ್ಜೆ ಹಾಕಿದವು. ಎಲ್ಲರಿಗಿಂತ ಮುಂದೆ ಮಾಸ್ತರರು, ಕಾರ್ನೆಟ್ ತುಟಿಗಿಟ್ಟು, ಊದದೆ, ಉಸಿರು ಬಿಗಿಹಿಡಿದು. ರಾಗ ಬರಬೇಕಾದಲ್ಲೆಲ್ಲ ಅವರ ಬೆರಳಡಿ ಅದರ ಮೂರು ಗುಂಡಿಗಳು ಟಕ್, ಟಕ್ ಎಂದು ಏರಿಳಿಯುತ್ತಿದ್ದವು.