ಬಚ್ಚಲ ಬಾಗಿಲು ಹೊರಕ್ಕೆ

ಒಳಾಂಗಣ ವಿನ್ಯಾಸ ಅಂದರೆ ಪರದೆ, ಬಣ್ಣ, ಮೆತ್ತನೆಯ ಸೋಫಾ ಅಂದುಕೊಂಡು ಕಾಲೇಜು ಸೇರಿದವರೆಲ್ಲ ಮೊದಲ ವಾರವೇ ಪೆಚ್ಚಾದರು. ಆ ವಾರ ಅವರ ಕೈಗೆ ಬಂದದ್ದು ಒಂದೊಂದು ಅಳತೆ ಟೇಪು. ನಿಂತರೆ ಮೊಣಕೈ ಎಷ್ಟು ಎತ್ತರ, ಕೂತರೆ ಮಂಡಿ ಎಷ್ಟು ಎತ್ತರ, ಕೈ ಚಾಚಿದರೆ ಯಾವ ಕಪಾಟು ಎಟುಕುತ್ತದೆ, ದಪ್ಪಗಿರುವವರಿಬ್ಬರು ಎದುರಾದರೆ ಪ್ಯಾಸೇಜು ಎಷ್ಟು ಅಗಲ ಬೇಕು, ಇದೇ ಪಾಠ. ಮನುಷ್ಯನನ್ನು ಅಳೆಯಲು ಬಾರದವರು ಮನೆಯ ತಂಟೆಗೆ ಹೋಗಬಾರದು ಅನ್ನುವುದು ಅಲ್ಲಿನ ಮೇಡಂ ಒಬ್ಬರ ಮಾತು. ಎಂಥ ಚಂದದ ನಕ್ಷೆ ತಂದರೂ ಮೊದಲು ‘ಅಳಿಸು’ ಅನ್ನುತ್ತಿದ್ದುದರಿಂದ ಅವರಿಗೆ ರಬ್ಬರ್ ಮೇಡಂ ಅಂತ ಹೆಸರು ಬಿದ್ದಿತ್ತು.

ಬಡಗಿಯ ಮಗಳು ಮಾತ್ರ ಪೆಚ್ಚಾಗಲಿಲ್ಲ. ಅವಳು ಬೆಳೆದದ್ದೇ ಮರದ ಹೊಟ್ಟಿನ ನಡುವೆ. ಟೇಪು ಮನೆಗೆ ತಂದವಳೇ ಅಮ್ಮನ ಹೊಲಿಗೆ ಮಿಷನ್ನಿನಿಂದ ಹಿಡಿದು ಅಪ್ಪನ ಮೂಗಿನವರೆಗೆ ಒಂದನ್ನೂ ಬಿಡದೆ ಅಳೆದಳು. ಅವತ್ತಿನಿಂದ ಅಪ್ಪ ಅವಳನ್ನು ಟೇಪಮ್ಮ ಅಂತಲೇ ಕರೆದ. ಅವನ ಲೆಕ್ಕ ಅಡಿ, ಅಂಗುಲ, ಅವಳದು ಮಿಲಿಮೀಟರ್.

“ಅಪ್ಪಾ, ನೀನು ಸಾವಿರದ ಆರುನೂರ ಎಪ್ಪತ್ತೈದು ಇದ್ದೀಯ.”

“ಅಬ್ಬಾ! ಇಷ್ಟು ದಿನ ಬರೀ ಐದೂವರೆ ಅಂದ್ಕೊಂಡು ಕುಗ್ಗಿ ಹೋಗಿದ್ದೆ ಕಣೇ.”

ಎರಡನೇ ವರ್ಷದ ದೊಡ್ಡ ಕೆಲಸ ಅಂದರೆ ಸ್ವಂತ ಮನೆಯನ್ನು ಇದ್ದದ್ದು ಇದ್ದ ಹಾಗೆ ಅಳೆದು ನಕ್ಷೆ ಬರೆಯುವುದು. ಆಮೇಲೆ ಅದರ ತಪ್ಪು ಹುಡುಕಿ, ತಿದ್ದಿ, ಸಣ್ಣ ಮಾದರಿ ಕಟ್ಟಿ ಪರೀಕ್ಷಕರ ಮುಂದಿಡಬೇಕು. ಟೇಪಮ್ಮನ ನಕ್ಷೆಯಲ್ಲಿ ರಬ್ಬರ್ ಮೇಡಂ ಒಂದೇ ಒಂದು ಕಡೆ ಕೆಂಪು ಸುತ್ತು ಹಾಕಿದರು. ಬಚ್ಚಲುಮನೆಯ ಬಾಗಿಲು. ಅದು ಒಳಕ್ಕೆ ತೆರೆಯುತ್ತಿತ್ತು.

“ಎಷ್ಟಿದೆ ಈ ಬಚ್ಚಲು?”

“ಸಾವಿರದ ಇನ್ನೂರು, ಸಾವಿರದ ಎಂಟುನೂರು ಮೇಡಂ.”

“ನಾಲ್ಕಡಿ, ಆರಡಿ. ಒಳಗೆ ಯಾರಾದ್ರೂ ತಲೆ ಸುತ್ತಿ ಬಿದ್ರೆ ಎಲ್ಲಿ ಬೀಳ್ತಾರೆ? ಬಾಗಿಲ ಮೇಲೇ. ಬಿದ್ದವರ ಮೈಯೇ ಬಾಗಿಲಿಗೆ ಅಗುಳಿ ಆಗತ್ತೆ. ಹೊರಗಿರೋ ನೀವು ಏನು ಮಾಡ್ತೀರಿ? ಅಳಿಸು.”

ಅವಳಿಗೆ ತಟ್ಟನೆ ಅಪ್ಪನ ನೆನಪಾಯಿತು. ಅಪ್ಪ ರಕ್ತದೊತ್ತಡದ ಮಾತ್ರೆ ನುಂಗುವವನು. ಬೆಳಿಗ್ಗೆ ಎದ್ದ ಕೂಡಲೇ ತಲೆ ಗಿರ್ ಅನ್ನುತ್ತದೆ ಅಂತ ಗೋಡೆ ಹಿಡಿದು ನಡೆಯುತ್ತಿದ್ದ. ಮನೆಗೆ ಹೋದವಳೇ ವಿಷಯ ತೆಗೆದಳು.

“ಹೊರಕ್ಕೆ ತೆಗೆದ್ರೆ ನಿಮ್ಮಮ್ಮನ ಮಿಷನ್ನಿಗೆ ಬಡಿಯತ್ತೆ” ಅಂದ ಅಪ್ಪ. “ಅವಳು ನನ್ನ ತಲೆಗೆ ಬಡೀತಾಳೆ.”

“ಮಿಷನ್ನು ಎಂಟು ಇಂಚು ಸರಿಸಿದ್ರೆ ಆಯ್ತು. ಅಳೆದಿದ್ದೀನಿ.”

“ಅಳೆಯದೆ ಬಿಡ್ತೀಯಾ ನೀನು? ಅರ್ಧ ಗಂಟೆ ಕೆಲಸ. ಕೀಲು ಈ ಕಡೆಯಿಂದ ಆ ಕಡೆಗೆ, ಬಾಗಿಲು ಬಂದು ತಾಗಿ ನಿಲ್ಲೋ ತಡೆಪಟ್ಟಿ ಕಿತ್ತು ಒಳಗೆ. ಭಾನುವಾರ ಮಾಡ್ತೀನಿ.”

ಊರಿಗೆಲ್ಲ ಬಾಗಿಲು ಕೂರಿಸುವವನ ಮನೆಯಲ್ಲಿ ದೀಪದ ಕೆಳಗೆ ಕತ್ತಲು. ಆದರೂ ಅಪ್ಪ ಮಾತಿಗೆ ತಪ್ಪುವವನಲ್ಲ. ಅವನನ್ನು ದೂರಲು ಇಲ್ಲಿ ಏನೂ ಇಲ್ಲ.

ಅವಳು ನಕ್ಷೆಯಲ್ಲಿ ಹಳೆಯ ಗೆರೆ ಅಳಿಸಿ, ಬಾಗಿಲು ಹೊರಕ್ಕೆ ತಿರುಗುವ ದಾರಿ ತೋರಿಸುವ ಹೊಸ ಕಮಾನುಗೆರೆ ಬರೆದಳು. ಹತ್ತಕ್ಕೆ ಒಂಬತ್ತು ಅಂಕ ಬಂತು. ಅಪ್ಪ ಆ ಹಾಳೆಯನ್ನು ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿದ. ಹೋಗುತ್ತಾ ಬರುತ್ತಾ ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಹೊರಕ್ಕೆ ತೆರೆಯುವ ಬಾಗಿಲು. ಅವಳ ತಲೆಯೊಳಗೆ ಆ ಕೆಲಸ ಮುಗಿದೇ ಹೋಯಿತು. ನಕ್ಷೆ ಬರೆಯುವವರಿಗೆ ಮಾತ್ರ ತಗಲುವ ರೋಗ ಇದು. ಗೆರೆ ತಿದ್ದಿದರೆ ಗೋಡೆಯೂ ತಿದ್ದಿದಂತೆ ಅನ್ನಿಸಿಬಿಡುತ್ತದೆ.

ಭಾನುವಾರ ಬಂತು. ಅಪ್ಪ ಸ್ಕ್ರೂಡ್ರೈವರ್ ಹಿಡಿದು ಬಚ್ಚಲ ಮುಂದೆ ಕೂತಿದ್ದ. ಮೇಲಿನ ಕೀಲಿನ ಒಂದು ಸ್ಕ್ರೂ ಆಗಲೇ ಬಿಚ್ಚಿದ್ದ. ಅವಳು ಓಡಿ ಬಂದಳು.

“ಅಪ್ಪಾ, ಅದು ಆಮೇಲೆ ಮಾಡು. ನಾಡಿದ್ದು ಪರೀಕ್ಷೆ. ನನ್ನ ಮಾಡೆಲ್ಲಿಗೆ ಬಾಗಿಲು ಕೂರ್ತಾ ಇಲ್ಲ. ಕಾಗದದ್ದು ಮುರಿದು ಮುರಿದು ಹೋಗ್ತಿದೆ. ನೀನೇ ಒಂದು ಮರದ್ದು ಮಾಡ್ಕೊಡು. ನಿಜವಾಗ್ಲೂ ತೆಗೆದು ಹಾಕೋ ಥರ ಇರಬೇಕು.”

“ಇದು ಅರ್ಧ ಗಂಟೆ ಕಣೇ.”

“ಇದೆಲ್ಲಿ ಓಡಿಹೋಗತ್ತೆ?”

ಅಪ್ಪ ನಕ್ಕು, ಬಿಚ್ಚಿದ ಸ್ಕ್ರೂ ತಿರುಗಿ ಹಾಕಿದ. ಆ ಇಡೀ ದಿನ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬೆರಳುದ್ದದ ಬಾಗಿಲು ಕೆತ್ತಿದ. ತಂತಿ ಬಗ್ಗಿಸಿ ಅಕ್ಕಿಕಾಳಿನಷ್ಟು ಕೀಲು ಮಾಡಿದ. ಊದಿದರೆ ಹೊರಕ್ಕೆ ತೆರೆಯುತ್ತಿತ್ತು. ಅಪ್ಪ ಮಗಳು ಇಬ್ಬರೂ ಮಕ್ಕಳ ಹಾಗೆ ಊದಿ ಊದಿ ನೋಡಿದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಬಚ್ಚಲಲ್ಲಿ ಧೊಪ್ಪೆಂದು ಸದ್ದಾಯಿತು. ಚೊಂಬು ಉರುಳಿತು. ಅಮ್ಮ ಕೂಗಿದಳು, ಉತ್ತರ ಇಲ್ಲ. ಅಪ್ಪ ಎಂದೂ ಚಿಲಕ ಹಾಕುವವನಲ್ಲ. ತಳ್ಳಿದರೆ ಬಾಗಿಲು ನಾಲ್ಕು ಬೆರಳು ಸರಿದು ನಿಂತಿತು. ಆ ಸಂದಿಯಲ್ಲಿ ಅಪ್ಪನ ಹಿಮ್ಮಡಿ ಕಾಣಿಸಿತು. ಟೇಪಮ್ಮ ಕೈ ತೂರಿಸಿ ಮುಟ್ಟಿದಳು. ಬೆಚ್ಚಗಿತ್ತು. ಉಸಿರು ಗೊರಗೊರ ಅನ್ನುತ್ತಿತ್ತು.

ಆ ಮನೆಯ ಒಂದೊಂದು ಅಳತೆಯೂ ಅವಳ ನಾಲಿಗೆ ತುದಿಯಲ್ಲಿತ್ತು. ಅಪ್ಪ ಯಾವ ಮಗ್ಗುಲಿಗೆ ಬಿದ್ದರೂ ಬಾಗಿಲು ತೆರೆಯುವ ಜಾಗ ಬಿಟ್ಟು ಬೀಳುವುದು ಸಾಧ್ಯವಿರಲಿಲ್ಲ. ಕೀಲು ಒಳಗಿದೆ, ಹೊರಗಿನಿಂದ ಬಿಚ್ಚಲಾಗುವುದಿಲ್ಲ. ಗಾಳಿಕಿಂಡಿ ಮುನ್ನೂರಕ್ಕೆ ನಾಲ್ಕುನೂರ ಐವತ್ತು, ಅಂದರೆ ಒಂದಡಿಗೆ ಒಂದೂವರೆ, ಮನುಷ್ಯ ಇಳಿಯುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಅವಳ ಕೈಯಲ್ಲಿ ಏನೂ ಆಗಲಿಲ್ಲ. ನಲ್ಲಿ ರಿಪೇರಿ ಮಾಡುವ ಪಕ್ಕದ ಮನೆಯ ನಲ್ಲಿ ಮಾಮ ಓಡಿಬಂದು ಒದೆಯಲು ಕಾಲೆತ್ತಿದ.

“ಬೇಡ ಮಾಮಾ! ಅಪ್ಪ ಬಾಗಿಲ ಹಿಂದೇ ಇದ್ದಾನೆ!”

ಅಪ್ಪನದೇ ಗರಗಸ ತಂದರು. ಅಪ್ಪ ಮಾಡಿದ ಬಾಗಿಲು, ಗಟ್ಟಿ ಮರ, ಅಷ್ಟು ಸುಲಭಕ್ಕೆ ಜಗ್ಗಲಿಲ್ಲ. ಮೇಲಿನ ಅರ್ಧ ಕೊಯ್ದು, ನಲ್ಲಿ ಮಾಮ ಒಳಗಿಳಿದು, ಅಪ್ಪನನ್ನು ಸರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಗೊರಗೊರ ಯಾವಾಗ ನಿಂತಿತೋ ಗರಗಸದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅರ್ಧ ಗಂಟೆ ಮುಂಚೆ ತಂದಿದ್ದರೆ ನೋಡಬಹುದಿತ್ತು ಅಂದರು ಡಾಕ್ಟರು.

ಕಾಲೇಜಿನವರು ಅವಳೊಬ್ಬಳಿಗೆ ಪರೀಕ್ಷೆಯನ್ನು ಎರಡು ವಾರ ಮುಂದೂಡಿದರು. ಅವಳು ಹೋಗುವುದಿಲ್ಲ ಅಂದಳು. ಅಮ್ಮನೇ ಮಾದರಿಯನ್ನು ಕೈಗಿಟ್ಟು ಕಳಿಸಿದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೆ ಏನೂ ಗೊತ್ತಿರಲಿಲ್ಲ. ಅವರು ಬೆರಳ ತುದಿಯಿಂದ ಆ ಪುಟ್ಟ ಬಾಗಿಲು ತೆರೆದರು, ಮುಚ್ಚಿದರು, ಮತ್ತೆ ತೆರೆದರು.

“ಭಲೇ! ಹೊರಕ್ಕೆ ತೆರೆಯುತ್ತೆ. ಯಾಕಮ್ಮ?”

“ಒಳಗೆ ಬಿದ್ದವರನ್ನ ಬೇಗ ಎತ್ತೋಕೆ ಸರ್.”

“ಇದನ್ನ ತುಂಬ ಜನ ಮರೀತಾರೆ. ನೀನು ಯೋಚನೆ ಮಾಡಿದ್ದೀಯ. ಮನೆಯಲ್ಲಿರೋರು ಮೂರು ಜನ, ಅಲ್ವಾ?”

“ನಕ್ಷೆಯಲ್ಲಿ ಮೂರು ಸರ್. ಈಗ ಇಬ್ಬರು.”

ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಆಗಲೇ ಅಂಕ ಬರೆಯುತ್ತಿದ್ದರು. ತರಗತಿಗೇ ಹೆಚ್ಚು ಅವಳಿಗೆ ಬಂತು.

ಪರೀಕ್ಷಕರು ಹೋದ ಮೇಲೆ ರಬ್ಬರ್ ಮೇಡಂ ಅವಳ ಪಕ್ಕ ಬಂದು ಕೂತರು. “ನಾನು ಕೆಂಪು ಸುತ್ತು ಹಾಕಿದೆ. ನೀನು ತಿದ್ಕೊಂಡು ಬಂದೆ, ನಾನು ಅಂಕ ಕೊಟ್ಟೆ. ಮನೇಲಿ ಬಾಗಿಲು ತಿರುಗಿಸಿದ್ರಾ ಅಂತ ಒಂದು ಮಾತು ಕೇಳಲಿಲ್ಲ” ಅಂದರು. ಅವರ ಕಣ್ಣು ತುಂಬಿತ್ತು. ಮಾದರಿಯನ್ನು ಮುಂದಿನ ವರ್ಷದ ಮಕ್ಕಳಿಗಾಗಿ ಕಾಲೇಜಿನ ಗಾಜಿನ ಕಪಾಟಿನಲ್ಲಿ ಇಡೋಣವಾ ಅಂತ ಕೇಳಿದರು.

“ಇಟ್ಕೊಳಿ ಮೇಡಂ. ಅವರಿಗೆ ನಡೆದದ್ದನ್ನೂ ಹೇಳಿ. ಬಾಗಿಲು ಮಾತ್ರ ಕೊಡಲ್ಲ” ಅಂದಳು. ಕೀಲಿನ ತಂತಿ ಎಳೆದು, ಬಾಗಿಲನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಬಚ್ಚಲಿಗೆ ಎರಡು ವಾರದಿಂದ ಹಳೆಯ ಬೆಡ್‌ಶೀಟೇ ಬಾಗಿಲು. ಕೊಯ್ದ ಬಾಗಿಲು ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲರ್ಧಕ್ಕೆ ನಲ್ಲಿ ಮಾಮ ಹಿಂದಿನ ದಿನ ಪ್ಲೈವುಡ್ ಹೊಡೆದು ಕೊಟ್ಟಿದ್ದ. ಅವಳು ಅಪ್ಪನ ಪೆಟ್ಟಿಗೆ ತೆರೆದು ಸ್ಕ್ರೂಡ್ರೈವರ್ ತೆಗೆದಳು.

“ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ” ಅಂದಳು ಅಮ್ಮ. ಅಂದವಳೇ ಹೊಲಿಗೆ ಮಿಷನ್ನನ್ನು ತಾನೇ ಎಂಟು ಇಂಚು ಸರಿಸಿ, ಬಾಗಿಲ ಒಂದು ಬದಿ ಹಿಡಿದು ನಿಂತಳು.

ಟೇಪಮ್ಮ ತಡೆಪಟ್ಟಿ ಕಿತ್ತು ಒಳಗೆ ಹೊಡೆದಳು. ಕೀಲು ಹೊರಬದಿಗೆ ತಂದಳು. ಎರಡು ಸಲ ಬೆರಳು ಜಜ್ಜಿಕೊಂಡಳು. ಕೊನೆಗೆ ಹಿಡಿ ಹಿಡಿದು ಎಳೆದಳು. ಬಾಗಿಲು ಹೊರಕ್ಕೆ ತೆರೆಯಿತು. ಮಿಷನ್ನಿಗೆ ಬಡಿಯಲಿಲ್ಲ.

ಅಮ್ಮ ಗೋಡೆ ಗಡಿಯಾರ ನೋಡಿದಳು. “ಶುರು ಮಾಡಿದಾಗ ನಾಲ್ಕಾಗಿತ್ತು” ಅಂದಳು. “ಇನ್ನೂ ಐದಾಗಿಲ್ಲ. ಇಷ್ಟೇನಾ ಕೆಲಸ?”

“ಕೆಲಸ ಬರದವಳಿಗೆ ಇಷ್ಟು ಅಮ್ಮಾ” ಅಂದಳು ಮಗಳು. “ಅಪ್ಪನಿಗಾಗಿದ್ರೆ ಅರ್ಧ ಗಂಟೆ. ಅವನು ಆ ಭಾನುವಾರ ಇಲ್ಲೇ ಕೂತಿದ್ದ. ನಾನೇ ಎಬ್ಬಿಸಿದೆ.”