ಆಸ್ಪತ್ರೆಯ ಶಾಖವೇ ಬೇರೆ

ಸೊಂಟ ಹಿಡಿದರೂ ಶಾಖ, ಕಾಲು ಉಳುಕಿದರೂ ಶಾಖ. ಬಾಣಾವರದ ಉಗ್ರಪ್ಪನಿಗೆ ಗೊತ್ತಿದ್ದ ಮದ್ದು ಅದೊಂದೇ. ಹೆಂಡತಿ ಮುದ್ದಮ್ಮನ ಎದೆಯಿಂದ ಕ್ಯಾನ್ಸರ್ ಗಡ್ಡೆ ತೆಗೆಸಿದ್ದ ಜಾಗದಲ್ಲೇ ಮತ್ತೆ ಗಂಟು ಎದ್ದಿತ್ತು. ಈ ಸಲ ರೇಡಿಯೇಷನ್ ಜೊತೆಗೆ ಶಾಖವನ್ನೂ ಕೊಡೋಣ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದೇ ತಡ, ಉಗ್ರಪ್ಪ ಹಿಗ್ಗಿಹೋದ. ಮನೆಗೆ ಬಂದವನೇ ಕೆಂಡ ಮಾಡಿಕೊಂಡು ಎಕ್ಕದ ಎಲೆ ಬಿಸಿ ಮಾಡಲು ಕೂತ.

ಅಷ್ಟರಲ್ಲಿ ತಮ್ಮನ ಮಗಳು ಮಾಲಿನಿ ಬಂದಳು. ಅವಳು ಅರಸೀಕೆರೆಯಲ್ಲಿ ನರ್ಸು.

"ಏನ್ ದೊಡ್ಡಪ್ಪ ಇದು?"

"ಶಾಖ ಕಣವ್ವ. ಡಾಕ್ಟ್ರೇ ಹೇಳವ್ರೆ. ಮನೇಲೇ ಕೊಡೋದು ಬಿಟ್ಟು ಬೆಂಗಳೂರಿಗೆ ಯಾಕೆ ಅಲೀಬೇಕು? ಆ ರೇಡಿಯೇಷನ್ ಕರೆಂಟೂ ಬ್ಯಾಡ, ಮೈ ಸುಟ್ಟೋಯ್ತದಂತೆ."

ಮಾಲಿನಿ ಎಲೆ ಕಿತ್ತುಕೊಂಡಳು. "ದೊಡ್ಡಮ್ಮ, ಆಪರೇಷನ್ ಆದ ಜಾಗ ಮುಟ್ಟಿದ್ರೆ ಗೊತ್ತಾಗುತ್ತಾ?"

"ಎಲ್ಲಿ ಗೊತ್ತಾಯ್ತದೆ? ಜೋಮು ಹಿಡಿದಂಗೈತೆ."

"ಕೇಳಿದ್ಯಾ ದೊಡ್ಡಪ್ಪ? ಚರ್ಮ ಬೆಂದ್ರೂ ದೊಡ್ಡಮ್ಮಂಗೆ ಗೊತ್ತಾಗಲ್ಲ. ಹುಣ್ಣಾದ್ರೆ ಚಿಕಿತ್ಸೆನೇ ಮುಂದಕ್ಕೆ ಹೋಗುತ್ತೆ."

ಉಗ್ರಪ್ಪನ ಮುಖ ಸಣ್ಣಗಾಯಿತು. ಕಟ್ಟಿಕೊಂಡವಳನ್ನು ತಾನೇ ಸುಡಲು ಹೊರಟಿದ್ದೆನಲ್ಲ ಎಂದು ಕೆಂಡದಿಂದ ಹಿಂದೆ ಸರಿದ. ಆದರೂ ಬಿಡಲಿಲ್ಲ. "ಹಂಗಾದ್ರೆ ಅವರು ಕೊಡೋ ಶಾಖ ಸುಡಲ್ವಾ?"

"ಅಲ್ಲಿ ಮೆಷಿನ್ನು ಗಂಟಿಗೇ ಬಿಸಿ ಕೊಡುತ್ತೆ. ಜೋರು ಜ್ವರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬಿಸಿ ಎಷ್ಟಾಯ್ತು ಅಂತ ಅಳೀತಾನೇ ಇರ್ತಾರೆ. ರೇಡಿಯೇಷನ್ ಏಟು ಬಿದ್ರೂ ಕ್ಯಾನ್ಸರ್ ಕಣ ಸುಧಾರಿಸ್ಕೊಳ್ಳೋಕೆ ನೋಡುತ್ತೆ. ಬಿಸಿ ತಾಗಿದ್ರೆ ಆ ಶಕ್ತಿ ಕುಂದುತ್ತೆ. ಹದವಾದ ನೆಲಕ್ಕೆ ನೇಗಿಲು ಇಳಿಯಲ್ವಾ, ಹಂಗೆ. ಬರೀ ಶಾಖ ಸಾಲದು, ಎರಡೂ ಸೇರಬೇಕು. ಚರ್ಮ ಸ್ವಲ್ಪ ಕೆಂಪಾಗಬಹುದು, ಅದನ್ನ ಅವರೇ ನೋಡ್ಕೋತಾರೆ."

"ವಾಸಿ ಆಯ್ತದಾ?"

"ಗ್ಯಾರಂಟಿ ಯಾರೂ ಕೊಡಲ್ಲ. ರೇಡಿಯೇಷನ್ ಒಂದೇ ಕೊಡೋದಕ್ಕಿಂತ ಗಂಟು ಕರಗೋ ಸಾಧ್ಯತೆ ಹೆಚ್ಚು."

ಮುದ್ದಮ್ಮ ಎದ್ದು ಕೆಂಡಕ್ಕೆ ನೀರು ಹೊಯ್ದಳು. "ಅಷ್ಟಿದ್ರೆ ಸಾಕು. ಬಟ್ಟೆ ಕಟ್ಕಳಿ, ಹೋಗಾನ. ನಾನಿನ್ನೂ ಬದುಕ್ಬೇಕು."

ಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ ಡಾಕ್ಟರು ಪರೀಕ್ಷೆ ಮಾಡಿ, ಗಂಟು ಬಹಳ ಕುಗ್ಗಿದೆ, ತಪಾಸಣೆ ಮಾತ್ರ ತಪ್ಪಿಸಬೇಡಿ ಎಂದರು. ಉಗ್ರಪ್ಪ ಎಲ್ಲರೆದುರೇ ಅತ್ತುಬಿಟ್ಟ. "ಜನ ನೋಡ್ತಾವ್ರೆ, ಸುಮ್ಕಿರಿ" ಎಂದು ಗದರಿದ ಮುದ್ದಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಮೈಮೇಲೆ ಗಂಟು ಕಂಡರೆ ಮನೆಮದ್ದು, ಶಾಖ ಎಂದು ದಿನ ಕಳೆಯಬೇಡಿ. ಶಾಖದ ಚಿಕಿತ್ಸೆ ಎಲ್ಲರಿಗೂ ಹೊಂದುವುದಿಲ್ಲ, ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಆದರೆ ರೇಡಿಯೇಷನ್ ಬೇಕೆಂದು ಹೇಳಿದಾಗ, "ಜೊತೆಗೆ ಶಾಖದ ಚಿಕಿತ್ಸೆಯೂ ನಮಗೆ ಹೊಂದುತ್ತದೆಯೇ?" ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ನಿಮ್ಮ ಮನೆಯವರ ಜೀವಕ್ಕಾಗಿ ಕೇಳುವ ಮಾತಿಗೆ ಸಂಕೋಚ ಬೇಡ.