ಟೀಚರಮ್ಮನ ಹೆರಿಗೆ ರಜೆ

ಶಾಲೆಯ ಗುಮಾಸ್ತರಿಗೆ ಮಕ್ಕಳು ಇಟ್ಟ ಹೆಸರು ಸೀಲಪ್ಪ. ಬಂದ ಕಾಗದ ಯಾವುದೇ ಇರಲಿ, ಮದುವೆಯ ಕರೆಯೋಲೆಯೇ ಆಗಲಿ, ಅದರ ಮೇಲೊಂದು ಮೊಹರು ಬಿದ್ದು, ಆವಕ ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆ ಏರುವ ತನಕ ಅವರಿಗೆ ಸಮಾಧಾನವಿಲ್ಲ. ಈ ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಬಿದ್ದದ್ದನ್ನು ತೋರಿಸಿಕೊಂಡಿರಲಿಲ್ಲ, ಅಷ್ಟೆ.

ಅವರ ಕುರ್ಚಿಯ ಬೆನ್ನಿಗೆ ಒಂದನೇ ತರಗತಿ. ನಡುವೆ ಇದ್ದದ್ದು ಹೆಸರಿಗೆ ಗೋಡೆ, ನಿಜಕ್ಕೆ ಹಲಗೆಯ ಮರೆ. ಆಚೆ ಟೀಚರಮ್ಮ ಪದ್ಯ ಹೇಳಿಕೊಡುವಾಗ ಈಚೆ ಗುಮಾಸ್ತರ ಲೇಖನಿ ತಾನಾಗಿ ನಿಲ್ಲುತ್ತಿತ್ತು. ಬೆಳಗ್ಗೆ ದೇವರ ಮುಂದೆ ಕಣ್ಣು ಮುಚ್ಚಿದರೂ ಹತ್ತು ಕಡೆ ಓಡುವ ಮನಸ್ಸು ಆ ದನಿಗೆ ಮಾತ್ರ ಕಟ್ಟಿಹಾಕಿದ ಹಾಗೆ ಕೂರುತ್ತಿತ್ತು. ಆರು ವರ್ಷ ಕೇಳಿ ಕೇಳಿ ಒಂದನೇ ತರಗತಿಯ ಪದ್ಯಗಳೆಲ್ಲ ಅವರಿಗೂ ಬಾಯಿಪಾಠ.

ಒಂದು ಸೋಮವಾರ ಶಾಲೆ ನಡೆಸುವ ಸಂಸ್ಥೆಯ ಕಾರ್ಯದರ್ಶಿಗಳು ಬಾಗಿಲಲ್ಲೇ ನಿಂತು, ಟೀಚರಮ್ಮನಿಗೆ ಏಳು ತಿಂಗಳಂತೆ, ರಾಜೀನಾಮೆ ಬರೆಸಿಡಿ, ಹೆರಿಗೆ ಆದಮೇಲೆ ಬೇಕಾದರೆ ಹೊಸದಾಗಿ ಸೇರಿಸಿಕೊಳ್ಳೋಣ ಎಂದು ಹೇಳಿ ಹೋದರು. ಹೊಸದಾಗಿ ಎಂದರೆ ಸಂಬಳ ಮತ್ತೆ ಮೊದಲ ಮೆಟ್ಟಿಲಿಗೆ, ಆರು ವರ್ಷದ ಸೇವೆ ಸೊನ್ನೆ. ಹಿಂದೆಯೂ ಇಬ್ಬರು ಟೀಚರುಗಳಿಂದ ಹೀಗೆ ಬರೆಸಿಕೊಂಡದ್ದು ಗುಮಾಸ್ತರೇ. ಇಬ್ಬರೂ ತಿರುಗಿ ಬಂದಿರಲಿಲ್ಲ.

ಮನೆಯಲ್ಲಿ ಹೆಂಡತಿಯ ಮುಂದೆ ಸಂಕಟ ತೋಡಿಕೊಂಡರು. ಆಕೆ ಅಕ್ಕಿ ಆರಿಸುತ್ತ, ತಲೆ ಎತ್ತದೆ ಅಂದಳು: “ಇಬ್ಬರ ಹತ್ರ ಬರೆಸಿದ ಕೈ ಅಲ್ವಾ ಇದು? ಮೂರನೇದಕ್ಕೆ ಯಾಕೆ ನಡುಗುತ್ತೆ?”

ಗುಮಾಸ್ತರು ಮರುದಿನ ಮಧ್ಯಾಹ್ನ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ, ಯಾರ ಹೆಸರೂ ಎತ್ತದೆ ವಿಚಾರಿಸಿದರು. ಅಲ್ಲಿಯವರು ಒಂದು ಕರಪತ್ರ ಕೊಟ್ಟರು. ಖಾಸಗಿ ಶಾಲೆಯ ಟೀಚರಿಗೂ ಹೆರಿಗೆಗೆ ಸಂಬಳ ಸಹಿತ ರಜೆ ಹಕ್ಕು. ಆ ಕಾರಣಕ್ಕೆ ಕೆಲಸ ಬಿಡಿಸಿದರೆ ಶಿಕ್ಷೆ. ಇಷ್ಟು ಸಣ್ಣ ಕಾಗದ ಇಷ್ಟು ವರ್ಷ ತಮ್ಮ ಮೇಜಿಗೆ ಬರಲಿಲ್ಲವಲ್ಲ ಎಂದುಕೊಂಡರು. ತಾವೂ ಹುಡುಕಿಕೊಂಡು ಹೋಗಿರಲಿಲ್ಲ.

ಬುಧವಾರ ಟೀಚರಮ್ಮ ತಾನೇ ಬಂದಳು. ಕಾರ್ಯದರ್ಶಿಗಳು ಅವಳಿಗೂ ಹೇಳಿಯಾಗಿತ್ತು. ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಕೂತು, ಏನಂತ ಬರೆಯಲಿ ಎಂದು ಕೇಳಿದಳು. ಕಣ್ಣು ಕೆಂಪಾಗಿತ್ತು.

“ನಾನು ಹೇಳ್ತೀನಿ, ನೀವು ಬರ್ಕೊಳ್ಳಿ,” ಎಂದರು ಗುಮಾಸ್ತರು. “ನನಗೆ ಹೆರಿಗೆ ರಜೆಯನ್ನು ಸಂಬಳ ಸಹಿತ...”

ಅವಳ ಪೆನ್ನು ನಿಂತಿತು. “ರಾಜೀನಾಮೆ ಅಲ್ವಾ?”

“ಉಕ್ತಲೇಖನದ ನಡುವೆ ಮಾತಾಡಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀನಿ, ಟೀಚರಮ್ಮ.”

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನಿಮ್ಮ ಕೆಲಸಕ್ಕೆ ಕುತ್ತು ಬಂದರೆ ಏನು ಗತಿ ಎಂದಳು. ಬಂದ ಕಾಗದ ತೆಗೆದುಕೊಳ್ಳುವುದೇ ತಮ್ಮ ಕೆಲಸ ಎಂದರು ಗುಮಾಸ್ತರು. ಅರ್ಜಿಗೆ ಮೊಹರು ಬಿತ್ತು, ಆವಕ ಪುಸ್ತಕದಲ್ಲಿ ಮುನ್ನೂರ ಹದಿನೆಂಟನೇ ಸಂಖ್ಯೆ ಏರಿತು, ಮೊಹರು ಬಿದ್ದ ಒಂದು ಪ್ರತಿ ಅವಳ ಕೈಚೀಲ ಸೇರಿತು.

ಸಂಜೆ ಕಾರ್ಯದರ್ಶಿಗಳು ಬಂದು ರಾಜೀನಾಮೆ ಕೇಳಿದರು. ಗುಮಾಸ್ತರು ಅರ್ಜಿಯನ್ನೂ ಪುಸ್ತಕವನ್ನೂ ಮುಂದಿಟ್ಟರು. ಆ ಹಾಳೆ ಕಿತ್ತುಹಾಕಿ ಎಂದು ಅಪ್ಪಣೆಯಾಯಿತು.

“ಪುಟಪುಟಕ್ಕೂ ಸಂಖ್ಯೆ ಇದೆ, ಸಾರ್. ಒಟ್ಟು ಇನ್ನೂರು ಪುಟ ಅಂತ ಮೊದಲನೇ ಪುಟದಲ್ಲಿ ತಾವೇ ಸಹಿ ಹಾಕಿದೀರಿ.” ಹೇಳುತ್ತಲೇ ಗುಮಾಸ್ತರು ಪುಸ್ತಕವನ್ನು ಮೊದಲನೇ ಪುಟಕ್ಕೆ ತಿರುಗಿಸಿಟ್ಟರು. “ಹಿಂದಿನ ಇಬ್ಬರಿಗೆ ನಾನು ಮಾಡಿದ್ದು ತಪ್ಪು. ಇನ್ನು ನನ್ನ ಕೈಲಿ ಆಗಲ್ಲ.”

ಜೊತೆಗೆ ಕರಪತ್ರವನ್ನೂ ಸರಿಸಿದರು. ಕಾರ್ಯದರ್ಶಿಗಳು ನಿಂತುಕೊಂಡೇ ಒಮ್ಮೆ ಓದಿದರು, ಕೂತು ಇನ್ನೊಮ್ಮೆ ಓದಿದರು. ಶಿಕ್ಷೆ ಸಂಸ್ಥೆ ನಡೆಸುವವರ ಹೆಸರಿಗೇ ಎಂಬ ಸಾಲಿನ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತ್ತು.

“ಕಾಗದಕ್ಕೆಲ್ಲ ಸೀಲು ಹೊಡೆದು ಮುಗೀತು, ಈಗ ನನ್ನ ಹಣೆಗೇ ಹೊಡೆದ್ರಿ,” ಎಂದು ಗೊಣಗುತ್ತ ‘ಮಂಜೂರು’ ಎಂದು ಬರೆದು ಸಹಿ ಹಾಕಿದರು.

ಮಾರನೆಯ ಬೆಳಗ್ಗೆ ಟೀಚರಮ್ಮ ಆದೇಶವನ್ನು ಎರಡು ಸಲ ಓದಿ ಮಡಿಚಿಟ್ಟುಕೊಂಡಳು. ಹೋಗದೆ ಅಲ್ಲೇ ನಿಂತಳು.

“ಆ ಕರಪತ್ರ ಇನ್ನೊಂದು ಸಿಗುತ್ತಾ? ಎರಡನೇ ತರಗತಿ ಟೀಚರಕ್ಕನಿಗೆ ಬೇಕಂತೆ. ಮೂರು ತಿಂಗಳು. ಇನ್ನೂ ಯಾರಿಗೂ ಹೇಳಿಲ್ಲ, ನೀವೂ ಹೇಳ್ಬೇಡಿ.”

ಮಧ್ಯಾಹ್ನ ಗುಮಾಸ್ತರು ಊಟದ ಡಬ್ಬಿ ಬಿಚ್ಚದೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೊರಟರು. ಒಂದಲ್ಲ, ಹತ್ತು ಕೇಳಿ ತರುವುದೆಂದು ದಾರಿಯಲ್ಲೇ ನಿಶ್ಚಯಿಸಿದ್ದರು.